ಸೈಕಲ್ ಕಾಕಾ ಹೇಳದೇ ಹೋದ ಮತ

ಕಳೆದ ಭಾನುವಾರ ಸಿಂಧನೂರಿನ ಸರ್ಕಲ್ಲಿನಲ್ಲಿ ಟೈರು ಸುಟ್ಟರು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬರುತ್ತಿಲ್ಲವೆಂದು ರೈತರು ರಸ್ತೆಗೆ ಇಳಿದಿದ್ದರು. ಬಿ.ಪಿ. ಗುಳಿಗೆ ತರಲು ಹೋದ ನಾನು ಔಷಧಿ ಅಂಗಡಿಯ ಕಟ್ಟೆ ಹತ್ತಿ ನಿಂತೆ. ಒಬ್ಬ ಲಾರಿ ಡ್ರೈವರ್ ಸಂದಿಯಲ್ಲಿ ಗಾಡಿ ನುಗ್ಗಿಸಲು ನೋಡಿದ. ಹುಡುಗರು ಅವನನ್ನು ಕೆಳಗೆ ಎಳೆದು ಕೆಡವಿ ಒದ್ದರು. ತುಟಿ ಸೀಳಿ ಗದ್ದದ ಮೇಲೆ ರಕ್ತ ಇಳಿಯಿತು. ನೋಡುತ್ತ ನಿಂತವರು ಫೋನು ಎತ್ತಿ ಹಿಡಿದಿದ್ದರು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟದ್ದು ಆ ರಕ್ತ ನೋಡಿ ಅಲ್ಲ. ಸುಡುವ ರಬ್ಬರಿನ ವಾಸನೆಗೆ... ಅಂಗಡಿಯವನು ನೀರು ಕೊಟ್ಟ. ಗುಳಿಗೆ ತೆಗೆದುಕೊಳ್ಳದೆ ಮನೆಗೆ ಬಂದೆ.

ಪ್ರತಿ ಭಾನುವಾರ ಸಂಜೆ ನನಗೆ ಇಂಗ್ಲೆಂಡಿನಿಂದ ಒಂದು ಫೋನು ಬರುತ್ತಿತ್ತು. ಮಾಡುವವಳು ನನ್ನ ಸ್ವಂತ ಮೊಮ್ಮಗಳಲ್ಲ. ನನಗೆ ಮಕ್ಕಳಾಗಲಿಲ್ಲ, ಹೆಂಡತಿಯೂ ಈಗಿಲ್ಲ. ಊರಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲಿ ಒಬ್ಬನಿದ್ದ, ಸೈಕಲ್ ಬಾಡಿಗೆಗೆ ಕೊಡುತ್ತಿದ್ದ. ಎಲ್ಲರೂ ಅವನನ್ನು ಸೈಕಲ್ ಕಾಕಾ ಎನ್ನುತ್ತಿದ್ದರು. ಅವನ ಮೊಮ್ಮಗಳು ಇವಳು. ಲಿಂಗಸುಗೂರಿನಲ್ಲಿ ಬೆಳೆದು, ನರ್ಸಿಂಗ್ ಓದಿ, ಈಗ ಅಲ್ಲಿನ ಒಂದು ಆಸ್ಪತ್ರೆಯಲ್ಲಿದ್ದಾಳೆ. ಕಾಕಾನಿಗೆ ಅಜ್ಜ ಎನ್ನುತ್ತಿದ್ದಳು, ನನಗೆ ತಾತ.

ಅಂದು ಅವಳು ಮಾತಾಡಿದ್ದು ಅಲ್ಲಿನ ಚುನಾವಣೆಯ ಬಗ್ಗೆ. ಬರುವ ಗುರುವಾರ ಅವರ ಪಾರ್ಲಿಮೆಂಟಿಗೆ ಮತದಾನ ಎಂದಳು. ಅಲ್ಲಿ ನೆಲೆಸಿದ ನಮ್ಮ ದೇಶದವರಿಗೂ ಮತ ಇದೆಯಂತೆ, ಅವಳಿಗೆ ಇದು ಮೊದಲ ಸಲ. ಪಕ್ಷದವರು ಬಾಗಿಲಿಗೆ ಬಂದು ಯಾರಿಗೆ ಹಾಕುತ್ತೀರಿ ಎಂದು ಕೇಳಿದರಂತೆ. ಇನ್ನೂ ನಿರ್ಧಾರ ಮಾಡಿಲ್ಲ ಎಂದಳಂತೆ. ಅವರು ಥ್ಯಾಂಕ್ಸ್ ಹೇಳಿ ಗೇಟು ಹಾಕಿಕೊಂಡು ಹೋದರಂತೆ. ಅದನ್ನು ಹೇಳಿ ನಕ್ಕಳು. ನಾನು ನಗಲಿಲ್ಲ.

ಅವಳ ತೊಂದರೆ ಬೇರೆಯೇ ಇತ್ತು. ಅವಳ ಕ್ಷೇತ್ರದಿಂದ ಮತ್ತೆ ನಿಂತಿದ್ದ ಈಗಿನ ಸದಸ್ಯೆ ಆಳುವ ಪಕ್ಷದವಳು. ರಾತ್ರಿ ಪಾಳಿಯ ನರ್ಸುಗಳು ಓಡಾಡುವ ಬಸ್ಸು ನಿಂತುಹೋದಾಗ ಅದೇ ಹೆಂಗಸು ಹಟ ಹಿಡಿದು ಮತ್ತೆ ಬಿಡಿಸಿದ್ದಳು. ಇವಳ ಮನಸ್ಸು ಆಕೆಯ ಕಡೆಗಿತ್ತು. ಆದರೆ ಲಿಂಗಸುಗೂರಿನಿಂದ ಅವಳಪ್ಪ ಬೇರೆ ಹೇಳಿದ್ದ. ನಮ್ಮ ಮನೆತನ ಕುರ್ಚಿಯಲ್ಲಿ ಕುಳಿತವರಿಗೆ ಓಟು ಹಾಕಿದ್ದಲ್ಲ, ನಿನ್ನ ಅಜ್ಜ ಗೌಡರ ವಿರುದ್ಧ ಓಟು ಹಾಕಿ ಕೈ ಕಳಕೊಂಡವನು, ಅದನ್ನು ಮರೆಯಬೇಡ ಎಂದಿದ್ದ.

"ಅಜ್ಜನ ಮರ್ಯಾದಿ ಉಳಸೂದಾದ್ರ ನಾ ಆಕಿ ವಿರುದ್ಧನ ಹಾಕಬೇಕು ತಾತ," ಎಂದಳು. "ನೀ ಕಣ್ಣಾರೆ ನೋಡಿದಾವ. ಅಜ್ಜ ಗೌಡ್ರ ವಿರುದ್ಧ ಯಾಕ ಹಾಕಿದ? ನಿನಗೇನರ ಹೇಳಿದ್ನಾ?"

ಲೈನು ಸರಿಯಿಲ್ಲ, ನಾಳೆ ನಾನೇ ಮಾಡುತ್ತೇನೆ ಎಂದು ಫೋನು ಇಟ್ಟೆ. ಬಾಯಲ್ಲಿ ರಬ್ಬರಿನ ಹೊಗೆ ಇನ್ನೂ ಇತ್ತು.

ಮಸ್ಕಿ ದಾಟಿ ಲಿಂಗಸುಗೂರಿನ ದಿಕ್ಕಿಗೆ ಹೋದರೆ ನಮ್ಮೂರು. ಊರಬಾಗಿಲ ಅಗಸಿಯ ಪಕ್ಕ ತಗಡಿನ ಚಪ್ಪರದ ಕೆಳಗೆ ಕಾಕಾನ ಅಂಗಡಿ. ಊರಿನ ಅರ್ಧ ಗಂಡಸರಿಗೆ ಸೈಕಲ್ ಕಲಿಸಿದವನು ಅವನೇ. ಸೀಟು ಹಿಡಿದು ಓಡುತ್ತ ಬರುತ್ತಿದ್ದ, ಹೇಳದೆ ಕೈ ಬಿಡುತ್ತಿದ್ದ. ನಾವು ಹೆದರಿ ಕೆಳಗೆ ನೋಡಿದರೆ ಹಿಂದಿನಿಂದ ಕೂಗುತ್ತಿದ್ದ, "ಮುಂದ ನೋಡಲೇ, ಗಾಲಿ ಏನ್ ನೋಡ್ತಿ, ಅದೇನ್ ನಿನ್ನ ಬಿಟ್ಟು ಗುರುಗುಂಟಾಕ್ಕ ಓಡಿ ಹೋಗತೈತೇನು." ಗುರುಗುಂಟಾ ಅವನ ಹೆಂಡತಿಯ ತವರು. ಆಕೆ ಮುನಿಸಿಕೊಂಡಾಗೆಲ್ಲ ಅಲ್ಲಿಗೆ ಹೋಗುತ್ತಿದ್ದಳು, ಅವನು ಸೈಕಲ್ ತುಳಿದು ಹೋಗಿ ಕರೆತರುತ್ತಿದ್ದ. ತನ್ನನ್ನೇ ಹಂಗಿಸಿಕೊಂಡು ಊರನ್ನು ನಗಿಸುವ ಮನುಷ್ಯ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಗೌಡರ ವಾಡೆಯಲ್ಲಿ ಬರೆಯುವ ಕೆಲಸಕ್ಕಿದ್ದೆ. ಬರೆಯುವುದು ಹೆಸರಿಗೆ. ಗೌಡರ ತಮ್ಮ ಯಾರನ್ನಾದರೂ ಹೊಡೆಯಲು ಹೊರಟರೆ ಹಿಂದೆ ಹೋಗುವವರಲ್ಲಿ ನಾನೂ ಒಬ್ಬ. ಬಣವೆಗೆ ಬೆಂಕಿ ಇಡುವಾಗ ಕಾವಲು ನಿಂತಿದ್ದೇನೆ. ಕೂಲಿ ಕೇಳಿದವನೊಬ್ಬನನ್ನು ಬೇವಿನ ಗಿಡಕ್ಕೆ ಕಟ್ಟಿದಾಗ ಹಗ್ಗ ತಂದುಕೊಟ್ಟಿದ್ದೇನೆ. ಒಂದು ಸುಗ್ಗಿಯಲ್ಲಿ ನನ್ನ ಅಪ್ಪನ ಎತ್ತುಗಳು ಗೌಡರ ಜೋಳಕ್ಕೆ ಬಾಯಿ ಹಾಕಿದವು. ಗೌಡರ ತಮ್ಮ ಕಣದಲ್ಲಿ ಎಲ್ಲರೆದುರು ಅಪ್ಪನನ್ನು ಕಾಲಲ್ಲಿದ್ದ ಕಾಲ್ಮರಿ ಕಳಚಿ ಹೊಡೆದ. ಮುಖಕ್ಕೆ, ಕಿವಿಗೆ, ಮತ್ತೆ ಮುಖಕ್ಕೆ. ಅಪ್ಪ ಕೈ ಅಡ್ಡ ಹಿಡಿಯಲಿಲ್ಲ. ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆ. ಆ ಸಂಜೆ ವಾಡೆಯಲ್ಲೇ ಉಂಡೆ...

ಮುಂದಿನ ವರ್ಷ ಮಂಡಲ ಪಂಚಾಯಿತಿ ಚುನಾವಣೆ ಬಂತು. ಗೌಡರ ತಮ್ಮ ನಿಂತ. ನಮ್ಮಲ್ಲಿ ಆಗ ಮತ ಕೇಳುವ ರೀತಿ ಒಂದೇ ಇತ್ತು. ತಟ್ಟೆಯಲ್ಲಿ ದೇವರ ಭಂಡಾರ, ಅದರ ಮೇಲೆ ಒಂದು ತೆಂಗಿನಕಾಯಿ. ಮನೆಮನೆಗೆ ಒಯ್ದು ಮುಂದೆ ಹಿಡಿಯುವುದು. ಮನೆಯವರು ಆ ಅರಿಶಿನ ಮುಟ್ಟಿ ಆಣೆ ಮಾಡಬೇಕು. ಮುಟ್ಟಿ ತಪ್ಪಿದರೆ ಕಣ್ಣು ಹೋಗುತ್ತದೆ, ವಂಶ ಹೋಗುತ್ತದೆ ಎಂಬ ಹೆದರಿಕೆ. ಮುಟ್ಟಿದವರ ಮನೆಯನ್ನು ಮತ್ತೆ ಯಾರೂ ಅನುಮಾನಿಸುತ್ತಿರಲಿಲ್ಲ. ತಟ್ಟೆ ಹಿಡಿದವನು ನಾನು, ಜೊತೆಗೆ ಗೌಡರ ತಮ್ಮ. ಎಲ್ಲರಿಗಿಂತ ಮೊದಲು ವಾಡೆಯ ಕಟ್ಟೆಯ ಮೇಲೆ ಆಣೆ ಮಾಡಿದವನೂ ನಾನೇ.

ಕಾಕಾ ಟ್ಯೂಬನ್ನು ನೀರಲ್ಲಿ ಅದ್ದಿ ತೂತು ಹುಡುಕುತ್ತಿದ್ದ. ತಟ್ಟೆ ನೋಡಿ ಎದ್ದ, ಕೈ ಒರೆಸಿಕೊಂಡ, ತಟ್ಟೆಗೆ ನಮಸ್ಕಾರ ಮಾಡಿದ. ಮುಟ್ಟಲಿಲ್ಲ.

"ದೇವರಿಗಿ ಇದರಾಗ ಯಾಕ ಎಳಿತೀರಿ ಧಣ್ಯಾರ," ಎಂದ. "ಓಟು ಯಾರಿಗಿ ಅಂತ ಮನಿಗಿ ಬಂದು ಹೇಳಿಸಿಕೊಳ್ಳೂದಾದ್ರ, ಅಲ್ಲಿ ಸಾಲ್ಯಾಗ ರಟ್ಟು ಯಾಕ ಅಡ್ಡ ಇಡತಾರ?"

ಸುತ್ತ ನಿಂತವರಲ್ಲಿ ಒಬ್ಬಿಬ್ಬರು ನಕ್ಕರು. ಆ ನಗುವೇ ಕೆಟ್ಟದ್ದಾಯಿತು. ಗೌಡರ ತಮ್ಮನೂ ನಕ್ಕ. ನಂತರ ನೀರಿನ ಬೋಗುಣಿಯನ್ನು ಕಾಲಿನಿಂದ ಒದ್ದು ಉರುಳಿಸಿದ. ಎಣಿಕೆ ಮುಗಿಯಲಿ, ಮಾತಾಡೋಣ ಎಂದಷ್ಟೇ ಹೇಳಿ ಮುಂದೆ ನಡೆದ.

ಮತದಾನದ ದಿನ ಶಾಲೆಯಲ್ಲಿ ನನ್ನ ಸರದಿ ಬಂತು. ರಟ್ಟಿನ ಹಿಂದೆ ಹೋದೆ. ನನ್ನ ಜೀವನದಲ್ಲಿ ವಾಡೆಯ ಯಾರೊಬ್ಬರ ಕಣ್ಣೂ ಬೀಳದ ಜಾಗ ಅದೊಂದೇ ಎಂದು ಅಲ್ಲಿ ನಿಂತಾಗ ಗೊತ್ತಾಯಿತು. ಅಪ್ಪನ ಮುಖ ನೆನಪಾಯಿತು. ಮುದ್ರೆಯನ್ನು ಎದುರಾಳಿಯ ಗುರುತಿನ ಮೇಲೆ ಒತ್ತಿದೆ. ಕಾಗದ ಮಡಚಿ ಹಾಕಿ ಹೊರಗೆ ಬಂದೆ. ಒಂದು ಬೀಡಿ ಸೇದಿ ಮುಗಿಯುವವರೆಗೆ ಖುಷಿಯಾಗಿದ್ದೆ.

ನಮ್ಮ ವಾರ್ಡು ಸಣ್ಣದು. ಯಾವ ಮನೆ ಯಾರ ಕಡೆ ಎಂಬುದು ಎರಡೂ ಕಡೆಯವರಿಗೆ ತಿಳಿದಿತ್ತು. ಲೆಕ್ಕ ಹಾಕಿದ್ದವನು ನಾನೇ, ಭಂಡಾರ ಮುಟ್ಟದಿದ್ದರೂ ಕಾಕಾನನ್ನು ನಮ್ಮ ಕಡೆಗೇ ಬರೆದುಕೊಂಡಿದ್ದೆ. ಆ ಲೆಕ್ಕದಲ್ಲಿ ನಮಗೆ ಒಂದು ಮತ ಹೆಚ್ಚಿತ್ತು. ಎಣಿಕೆಯಲ್ಲಿ ಅವರಿಗೆ ಒಂದು ಮತ ಹೆಚ್ಚಾಯಿತು. ಅಂದರೆ ನಮ್ಮವನೊಬ್ಬ ತಿರುಗಿದ್ದ. ಒಬ್ಬನೇ.

ವಾಡೆಯ ಪಡಸಾಲೆಯಲ್ಲಿ ಗೌಡರ ತಮ್ಮ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಖ ನೋಡುತ್ತ ಬಂದ.  ನನ್ನ ಮುಂದೆ ನಿಂತ. ಅವನು ಏನಾದರೂ ಕೇಳುವ ಮೊದಲೇ ನನ್ನ ಬಾಯಿ ತೆರೆಯಿತು.

"ಭಂಡಾರ ಮುಟ್ಟದಾವ ಊರಾಗ ಒಬ್ಬನ ಅದಾನ್ರಿ," ಎಂದೆ.

ಮಧ್ಯಾಹ್ನದ ಬಿಸಿಲು. ಕಾಕಾನ ಹೆಂಡತಿ ಮಗನನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಅವನೊಬ್ಬನೇ ಚಪ್ಪರದ ಕೆಳಗೆ ಕುಳಿತಿದ್ದ. ನಾವು ಏಳೆಂಟು ಜನ. ಎಲ್ಲರಿಗಿಂತ ಮುಂದೆ ನಾನು ನಡೆದೆ, ಹಿಂದುಳಿದರೆ ಅನುಮಾನ ಬರುತ್ತದೆಂದು. ಅವನು ನನ್ನನ್ನು ನೋಡಿ, "ಏನಲೇ, ಗಾಳಿ ಹೊಡಸಾಕ ಬಂದಿಯೇನು," ಎಂದ. ಗಾಳಿ ಹೊಡೆಯುವ ಕಬ್ಬಿಣದ ಪಂಪು ಅಲ್ಲೇ ಇತ್ತು. ಅದನ್ನೇ ಎತ್ತಿ ಅವನ ಕಿವಿಯ ಮೇಲೆ ಹೊಡೆದೆ. ಮೊದಲ ಏಟು ನನ್ನದು. ಅವನು ಪಕ್ಕಕ್ಕೆ ಬಿದ್ದ. ಎದ್ದು ಕೂರಲು ನೋಡಿದವನ ಬಾಯಿಗೆ ಒಬ್ಬ ಒದ್ದ. ಇನ್ನೊಬ್ಬ ಸೈಕಲ್ ಚೈನು ಬೀಸಿದ. ಬೆನ್ನಿನ ಅಂಗಿ ಹರಿದು ಚರ್ಮಕ್ಕೆ ಅಂಟಿತು. ಪಕ್ಕೆಲುಬು ಮುರಿದ ಸಪ್ಪಳ ನನಗೆ ಕೇಳಿಸಿತು, ಒಣ ಜೋಳದ ದಂಟು ಮುರಿದ ಹಾಗೆ. ಟೈರುಗಳನ್ನೆಲ್ಲ ಗುಡ್ಡೆ ಹಾಕಿ ಸೀಮೆಎಣ್ಣೆ ಸುರಿದು ಹಚ್ಚಿದರು. ಸೈಕಲ್ಲುಗಳನ್ನು ಅದರ ಮೇಲೆ ಎಸೆದರು. ಊರಿನವರು ದೂರ ನಿಂತು ನೋಡಿದರು. ಅವರಲ್ಲಿ ಅವನು ಸೀಟು ಹಿಡಿದು ಓಡಿ ಕಲಿಸಿದವರೇ ಹೆಚ್ಚು.

ಆಮೇಲೆ ಗೌಡರ ತಮ್ಮ ಅದೇ ತಟ್ಟೆ ತರಿಸಿದ. ಈಗಲಾದರೂ ಮುಟ್ಟು, ನಮಗೇ ಹಾಕಿದೆ ಎಂದು ಹೇಳು, ಬಿಡುತ್ತೇನೆ ಎಂದ. ಕಾಕಾನ ಮುಖದಲ್ಲಿ ಕಣ್ಣು ಮುಚ್ಚುವಷ್ಟು ಬಾವು. ಬಾಯಿಂದ ರಕ್ತದ ಎಳೆ ಇಳಿಯುತ್ತಿತ್ತು. ಅವನು ತಲೆ ಅಲ್ಲಾಡಿಸಿದ.

ರಿಮ್ಮು ನೇರ ಮಾಡಲು ಅವನಲ್ಲಿ ಒಂದು ಕಬ್ಬಿಣದ ದಿಮ್ಮಿ ಇತ್ತು. ಬಲಗೈಯನ್ನು ಅದರ ಮೇಲೆ ಇಡಲು ಹೇಳಿದರು. ಮಣಿಕಟ್ಟು ಒತ್ತಿ ಹಿಡಿದವನು ನಾನು. ಸುತ್ತಿಗೆ ಬಿದ್ದಾಗಲೆಲ್ಲ ಅವನ ಕೈಯ ನಡುಕ ನನ್ನ ಭುಜದವರೆಗೆ ಬರುತ್ತಿತ್ತು. ಅವನು ಕೂಗಿದ, ಅತ್ತ, ಅವ್ವನನ್ನು ಕರೆದ. ಯಾರಿಗೆ ಹಾಕಿದ್ದೆಂದು ಮಾತ್ರ ಹೇಳಲಿಲ್ಲ.

ತಿರುಗಿದ್ದು ಒಂದೇ ಮತ, ಅದು ನನ್ನದು. ಹಾಗಾದರೆ ಕಾಕಾನ ಮತ ಗೌಡರ ಕಡೆಗೇ ಬಿದ್ದಿತ್ತು. ನಮ್ಮ ಓಣಿಗೆ ಸಿಹಿನೀರಿನ ಬಾವಿ ತೋಡಿಸಿದವರು ಗೌಡರು, ಕಾಕಾ ಅದನ್ನು ಆಗಾಗ ಹೇಳುತ್ತಿದ್ದ. ತಟ್ಟೆ ಮುಟ್ಟಿ ಹಾಗೆಂದಿದ್ದರೆ ಅವನು ನಿಜವನ್ನೇ ಹೇಳಿದಂತಾಗುತ್ತಿತ್ತು, ಕೈ ಉಳಿಯುತ್ತಿತ್ತು. ಇದು ತಿಳಿದಿದ್ದವರು ಊರಲ್ಲಿ ಇಬ್ಬರೇ. ಒಬ್ಬನ ಕೈಯನ್ನು ಇನ್ನೊಬ್ಬ ಹಿಡಿದಿದ್ದ.

ಸತ್ತುಗಿತ್ತು ಹೋದಾನೆಂದು ಹೆದರಿ ಗೌಡರೇ ಬಂಡಿ ಕಟ್ಟಿಸಿದರು. ನೀನು ಪಕ್ಕದ ಮನೆಯವನು, ನೀನೇ ಒಯ್ಯಿ ಎಂದರು. ಲಿಂಗಸುಗೂರಿನ ದವಾಖಾನೆಗೆ ಕಾಕಾನ ಹೆಂಡತಿ ಮಗನೊಂದಿಗೆ ಓಡಿಬಂದಾಗ ಹಾಸಿಗೆಯ ಪಕ್ಕ ಕುಳಿತಿದ್ದವನು ನಾನು. ಗಂಡನನ್ನು ಉಳಿಸಿದೆಯೆಂದು ಆಕೆ ನನ್ನ ಕಾಲು ಹಿಡಿದಳು. ನಾನು ಬಿಡಿಸಿಕೊಳ್ಳಲಿಲ್ಲ. ಊರಿನವರು ಹೆದರಿ ಬಾಯಿ ಬಿಡಲಿಲ್ಲ, ಗೌಡರ ಜನ ಹೊಡೆದರು ಎಂದಷ್ಟೇ ಉಳಿಯಿತು.

ಕೆಲವು ದಿನ ಕಳೆದ ಮೇಲೆ ಅವನಿಗೆ ಮಾತು ಬಂತು. ಹೆಂಡತಿ ಗಂಜಿ ತರಲು ಹೋಗಿದ್ದಳು. ಅವನು ನನ್ನ ಕಡೆ ತಿರುಗಿದ.

"ನೀ ಯಾರಿಗಿ ಹಾಕಿದಿ ಅಂತ ನಾ ಕೇಳಂಗಿಲ್ಲ. ಅದು ನಿಂದು," ಎಂದ. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. "ನೀ ಹೊಡದದ್ದು ನಂದು. ಹೇಳೂದು ಬಿಡೂದು ನನಗ ಬಿಟ್ಟದ್ದು."

ಅಷ್ಟೇ. ಆಮೇಲೆ ಆ ಮಾತು ಎತ್ತಲಿಲ್ಲ. ಅವರು ಊರು ಬಿಟ್ಟು ಲಿಂಗಸುಗೂರಿನಲ್ಲಿ ನಿಂತರು. ಕಾಕಾ ಬಸ್‌ಸ್ಟ್ಯಾಂಡಿನಲ್ಲಿ ಎಡಗೈಯಿಂದ ಬಾಳೆಹಣ್ಣು ಮಾರಿದ, ಮಗನನ್ನು ಓದಿಸಿದ. ನಾನೂ ವಾಡೆ ಬಿಟ್ಟು ಸಿಂಧನೂರಿಗೆ ಬಂದು ಒಂದು ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತನಾದೆ. ಹಬ್ಬಕ್ಕೆ, ಹುಣ್ಣಿಮೆಗೆ ಅವರ ಮನೆಗೆ ಹೋಗುತ್ತಿದ್ದೆ. ಮಗ ಬಂದವರೆದುರು ಹೆಮ್ಮೆಯಿಂದ ಹೇಳುತ್ತಿದ್ದ, ನಮ್ಮಪ್ಪ ಗೌಡರ ವಿರುದ್ಧ ಓಟು ಹಾಕಿದ ಗಂಡಸು ಎಂದು. ಕಾಕಾ ಮಗನನ್ನೂ ತಿದ್ದುತ್ತಿರಲಿಲ್ಲ. ನನ್ನ ಕಡೆಯೂ ನೋಡುತ್ತಿರಲಿಲ್ಲ. ಸೊಸೆಗೆ ಚಹಾ ಇಡಲು ಹೇಳುತ್ತಿದ್ದ. ಅವನು ಸತ್ತಾಗ ಹೆಗಲು ಕೊಟ್ಟವರಲ್ಲಿ ನಾನೂ ಇದ್ದೆ...

ಸೋಮವಾರ ಅವಳಿಗೆ ಫೋನು ಮಾಡಿದೆ. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಆದರೆ ಅವಳು ಅಜ್ಜನದೆಂದು ತಿಳಿದು ಹಾಕಲಿದ್ದದ್ದು ನಾನು ಕದ್ದುಮುಚ್ಚಿ ಹಾಕಿದ್ದ ಮತವನ್ನು. ಅವಳಜ್ಜ ತನಗೆ ಸರಿ ಕಂಡವರಿಗೆ ಹಾಕಿದ್ದ, ಅವರು ಕುರ್ಚಿಯ ಮೇಲಿದ್ದಾರೋ ಇಲ್ಲವೋ ನೋಡಿರಲಿಲ್ಲ. ಅದನ್ನೇ ಹೇಳಿದೆ. ನನ್ನ ಆಣೆ, ಮುದ್ರೆ, ಪಂಪು, ಮಣಿಕಟ್ಟು, ಒಂದನ್ನೂ ಬಿಡಲಿಲ್ಲ. ಆ ಕಡೆ ಆಸ್ಪತ್ರೆಯ ಗಂಟೆಯೊಂದು ಮೊಳಗುತ್ತಿತ್ತು. 

"ಕೈ ಹಿಡದಾವ ನೀನಾ?" ಎಂದಳು.

"ಹೌದವ್ವ."

"ಸಣ್ಣಾಕಿದ್ದಾಗ ಆ ಕೈಗಿ ನಾ ದಿನಾ ಎಣ್ಣಿ ಹಚ್ಚತಿದ್ದೆ. ಥಂಡಿ ದಿನದಾಗ ಬಾಳ ನೋಯತಿತ್ತು ಅದು."  ನಂತರ, "ಅಪ್ಪಗ ನಾ ಹೇಳಂಗಿಲ್ಲ. ನೀನ ಹೋಗಿ ಹೇಳು," ಎಂದು ಫೋನು ಇಟ್ಟಳು.

ನಿನ್ನೆ ಲಿಂಗಸುಗೂರಿಗೆ ಹೋದೆ. ಅವಳಪ್ಪ ಪೂರ್ತಿ ಕೇಳಿಸಿಕೊಂಡ. ಆಮೇಲೆ ಎದ್ದು ನನ್ನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಕನ್ನಡಕ ಬಿತ್ತು. ಮುಷ್ಟಿ ಎತ್ತಿದ. ಹೊಡೆಯಲಿ ಎಂದು ನಾನು ಮುಖ ಮುಂದೆ ಹಿಡಿದೆ. ಅವನ ಹೆಂಡತಿ ಬಂದು ಆ ಕೈ ಹಿಡಿದಳು. "ಇಷ್ಟ್ ವರ್ಷ ನಮ್ಮ ಮನ್ಯಾಗ ಉಂಡೀಯಲ್ಲೋ," ಎಂದ ಅವನು, ಅಳುತ್ತ. ಆಕೆ ಕನ್ನಡಕ ಎತ್ತಿ ಹೊಸ್ತಿಲ ಹೊರಗೆ ಇಟ್ಟಳು. ನಾನು ಹೊರಗೆ ಬಂದು ಅದನ್ನು ಹಾಕಿಕೊಂಡೆ. ಹಿಂದೆ ಬಾಗಿಲ ಚಿಲಕ ಬಿತ್ತು.

ಇಂದು ಗುರುವಾರ. ಇಲ್ಲಿ ಸಂಜೆಯಾಗುತ್ತಿದೆ, ಅಲ್ಲಿ ಮಧ್ಯಾಹ್ನವಿರಬೇಕು. ಅವಳು ಪಾಳಿ ಮುಗಿಸಿ ಹೋಗಿ ಮತ ಹಾಕಿರಬಹುದು, ಹಾಕದೆಯೂ ಇರಬಹುದು. ಯಾರಿಗೆ ಎಂದು ನಾನು ಯೋಚಿಸುವುದಿಲ್ಲ. ಕಾಕಾನನ್ನು ಮಣ್ಣು ಮಾಡಿ ಎಷ್ಟೋ ವರ್ಷವಾಗಿದ್ದರೂ ಅವನ ಮನೆ ನನಗಿತ್ತು, ಇನ್ನು ಅದೂ ಇಲ್ಲ. ಈ ಲೋಕದಲ್ಲಿ ನನ್ನನ್ನು ತಾತ ಎಂದು ಕರೆಯುತ್ತಿದ್ದದ್ದು ಅವಳೊಬ್ಬಳೇ.