ಸಾಯುವವಳ ಹಾಡಿಗೆ ವನ್ಸ್ ಮೋರ್

ತಿಳಿಯದ ಸಂಗೀತಕ್ಕೂ ತಿಳಿದವರಂತೆ ತಲೆದೂಗುವ ವಿದ್ಯೆ ನನಗೆ ಸಿದ್ಧಿಸಿದೆ. ಬೆಳಗಾವಿಯ ಸದಾಶಿವನಗರದಲ್ಲಿ ನಮ್ಮ ಮನೆಯ ಎರಡೂ ಬಾಜು ಸಂಗೀತ ಬಲ್ಲವರೇ ಇರುವುದರಿಂದ ಇದನ್ನು ಕಲಿಯದೆ ಗತಿಯಿರಲಿಲ್ಲ. ಆದರೆ ಮುಂಬೈಯ ಆ ದೊಡ್ಡ ರಂಗಮಂದಿರದಲ್ಲಿ ಇಟಲಿಯ ಒಪೆರಾ ಕೇಳುತ್ತ ಕುಳಿತಾಗ ತಲೆಯನ್ನು ಎಲ್ಲಿ ತೂಗಬೇಕೆಂಬುದೇ ಹೊಳೆಯಲಿಲ್ಲ. ಸುತ್ತ ಕೆಂಪು ಮಖಮಲ್ಲು, ಬಂಗಾರದ ಬಣ್ಣದ ಕಂಬಗಳು, ಕೋಟು ಹಾಕಿದ ಜನ. ಯಾರ ತಲೆಯೂ ಅಲ್ಲಾಡುತ್ತಿರಲಿಲ್ಲ.

ನಾವು ಮುಂಬೈಗೆ ಹೋದದ್ದು ಒಪೆರಾ ನೋಡಲಿಕ್ಕಲ್ಲ. ಖಾನಾಪುರದ ನನ್ನ ಅಕ್ಕನಿಗೆ ಕ್ಯಾನ್ಸರ್. ಕೀಮೋ ಆಗಿ ಕೂದಲು ಹೋಗಿತ್ತು, ಬಾಯಿರುಚಿ ಹೋಗಿತ್ತು, ರೋಗ ಮಾತ್ರ ಹೋಗಿರಲಿಲ್ಲ. ಇನ್ನೊಂದು ಸುತ್ತು ಕೊಟ್ಟರೆ ಕೆಲವು ತಿಂಗಳು ಸಿಗಬಹುದು, ಸಿಗದೆಯೂ ಇರಬಹುದು ಎಂದರು ಡಾಕ್ಟರು.

“ಸಾಕು ತಮ್ಮಾ, ಊರಿಗಿ ಹೋಗೂಣು. ಇದ್ದಷ್ಟ ದಿನಾ ನನ್ನ ಮನ್ಯಾಗ ಇರ್ತೀನಿ,” ಎಂದಳು ಅಕ್ಕ.

“ಸೋಮವಾರ ಇನ್ನೊಮ್ಮಿ ಕೀಮೋ ತಗೊಂಡಬಿಡು. ನನ್ನ ಸಲವಾಗಿ,” ಎಂದು ನಾನು ಉಡದ ಪಟ್ಟು ಹಿಡಿದೆ. ಅವಳಿಲ್ಲದ ಖಾನಾಪುರವನ್ನು ನೆನೆದರೇ ನನಗೆ ಹೆದರಿಕೆ.

ಸೋಮವಾರದ ತನಕ ಅವಳನ್ನು ಹಿಡಿದಿಡುವುದು ಹೇಗೆ? ನಾಟಕವೆಂದರೆ ಅವಳಿಗೆ ಪ್ರಾಣ. ಸಣ್ಣವರಿದ್ದಾಗ ನಂದಗಡದಲ್ಲಿ ಕಂಪನಿ ಬೀಡುಬಿಟ್ಟರೆ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದವಳು ಅವಳೇ. ಒಪೆರಾ ಅಂದರೂ ಹಾಡಿನ ನಾಟಕವೇ ಎಂದು ಟಿಕೆಟು ತೆಗೆಸಿದೆ. ಪೆಪ್ಪರಮಿಂಟು ತೋರಿಸಿ ಮಗುವಿಗೆ ಸೂಜಿ ಚುಚ್ಚಿಸುವ ಉಪಾಯ, ಅಷ್ಟೆ.

ಮೈಕು ಇರಲಿಲ್ಲ, ಒಂದೇ ಗಂಟಲು ಇಡೀ ಮಂದಿರ ತುಂಬುತ್ತಿತ್ತು. ಭಾಷೆ ಇಬ್ಬರಿಗೂ ತಿಳಿಯದು. ಆದರೂ ಕೊನೆಯ ಅಂಕದಲ್ಲಿ ನಾಯಕಿ ಹಾಸಿಗೆ ಹಿಡಿದಿದ್ದಾಳೆ, ಇನ್ನು ಉಳಿಯುವುದಿಲ್ಲ ಎಂಬುದಕ್ಕೆ ಭಾಷೆ ಬೇಕಾಗಲಿಲ್ಲ. ಒಪೆರಾದ ಸೋಜಿಗವೆಂದರೆ, ಉಸಿರು ನಿಲ್ಲುವ ಹೊತ್ತಿಗೇ ಎಲ್ಲಕ್ಕಿಂತ ಉದ್ದದ ಹಾಡು. ಅವಳು ಎದ್ದಳು, ಹಾಡಿದಳು, ಬಿದ್ದಳು. ಅಕ್ಕ ತಲೆಯ ಸೆರಗು ಜಾರಿದ್ದನ್ನೂ ಮರೆತು ನೋಡುತ್ತಿದ್ದಳು.

ನಮ್ಮ ಕಡೆಯ ಕಂಪನಿ ನಾಟಕದಲ್ಲಿ ಸಾಯುವುದು ಅಷ್ಟು ಸುಲಭವಲ್ಲ. ಹಾಡು ಹಿಡಿಸಿದರೆ ಜನ ವನ್ಸ್ ಮೋರ್ ಎನ್ನುತ್ತಾರೆ. ಆಗ ಸತ್ತವನು ಎದ್ದು, ಧೋತರದ ಧೂಳು ಕೊಡವಿ, ಹಾರ್ಮೋನಿಯಂದವನಿಗೆ ಕಣ್ಸನ್ನೆ ಮಾಡಿ, ಅದೇ ಹಾಡು ಮತ್ತೆ ಹಾಡಿ, ಮತ್ತೆ ಸಾಯಬೇಕು. ಆ ಅಭ್ಯಾಸ ನನ್ನೊಳಗೆ ಎಲ್ಲಿ ಅಡಗಿತ್ತೋ, ಎದ್ದು ನಿಂತು “ವನ್ಸ್ ಮೋರ್!” ಎಂದುಬಿಟ್ಟೆ, ತಗಡಿನ ಥೇಟರಿಗೆ ಸಾಲುವಷ್ಟು ಜೋರಾಗಿ.

ಮುಂದಿನ ಸಾಲಿನ ಕೋಟುಗಳೆಲ್ಲ ತಿರುಗಿದವು. ನಾಚಿಕೆಯಿಂದ ಭೂಮಿಗಿಳಿದುಹೋದೆ. ಅಕ್ಕ ತೋಳು ಹಿಡಿದು ಕೂರಿಸಿದಳು.

“ಸುಮ್ನ ಕುಂದರೋ ತಮ್ಮಾ,” ಎಂದಳು ಮೆಲ್ಲಗೆ. “ಅಕಿಗಿ ದಣಿವಾಗೇತಿ. ಸಾಯಾಕ ಬಿಡು.”

ಅವಳ ಕಣ್ಣು ವೇದಿಕೆಯ ಮೇಲಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಸೋಮವಾರ ಆಸ್ಪತ್ರೆಯಲ್ಲಿ ಅವಳ ಹೆಸರು ಕೂಗಿರಬೇಕು. ಆ ಹೊತ್ತಿಗೆ ನಮ್ಮ ರೈಲು ಬೆಳಗಾವಿ ಬಿಟ್ಟು, ಖಾನಾಪುರದ ದಾರಿಯ ದೇಸೂರ ದಾಟಿತ್ತು. ಕಿಟಕಿಗೆ ಒರಗಿದ ಅಕ್ಕ, ಮನೆ ಮುಟ್ಟಿದ ಕೂಡಲೇ ಕಡಲೆಹಿಟ್ಟಿನ ಝುಣಕಾ ಮಾಡಿಸಬೇಕು, ರುಚಿ ಹತ್ತಲಿ ಬಿಡಲಿ ಖಾರ ಮುಂದಿರಬೇಕು ಎಂದು ಹೇಳುತ್ತಿದ್ದಳು. ನಾನು ಹೂಂ ಎಂದೆ. ಅವಳು ಕಾಯಿಲೆ ಬಿದ್ದ ಮೇಲೆ ಅವಳ ಮಾತಿಗೆ ನಾನು ಹೂಂ ಎಂದದ್ದು ಅದೇ ಮೊದಲು.