ಖಂಡೇಪೂಜೆಗೆ ನಿಂತ ಪರಮಾಣುಗಳು

ಹಳೆಯ ಕಂಪ್ಯೂಟರಿಗೆ ಐವತ್ತೆಂಟು ಸಾವಿರ ಕೊಟ್ಟೆ. ಮಾರುವವನು ಎಂಬತ್ತು ಹೇಳಿದ್ದ. ಒಳಗಿನ ಧೂಳು ತೋರಿಸಿ ಇಳಿಸಿದೆ. ಮಾನ್ವಿಯಲ್ಲಿ ಹಳೆ ಪಂಪ್‌ಸೆಟ್ ಕೊಂಡು ಮಾರುವ ನನಗೆ ಅದು ಯಾಕೆ? ಮಗಳಿಗೆ. ಅವಳು ರಾಯಚೂರಿನಲ್ಲಿ ಪಿಎಚ್‌ಡಿ ಮಾಡುತ್ತಾಳೆ. ಅಣುಸ್ಥಾವರದ ಮಿಶ್ರಲೋಹ ವಿಕಿರಣದ ಏಟಿಗೆ ಹೇಗೆ ಕೆಡುತ್ತದೆಂದು ಕಂಪ್ಯೂಟರಿನಲ್ಲೇ, ಒಂದೊಂದು ಪರಮಾಣುವನ್ನೂ ಲೆಕ್ಕಕ್ಕಿಟ್ಟು ನೋಡುವುದು ಅವಳ ಕೆಲಸ. ಕಾಲೇಜಿನ ಯಂತ್ರಕ್ಕೆ ಸರದಿ ಉದ್ದ. ನನ್ನ ಅಂಗಡಿಯಲ್ಲಾದರೆ ಕರೆಂಟ್ ಹೋದರೂ ಬ್ಯಾಟರಿ ಇದೆ. ಅಲ್ಲೇ ಇಟ್ಟೆವು.

"ಕಬ್ಬಿಣ ಕೆಡೋದು ನೋಡಾಕ ಕಂಪ್ಯೂಟರ್ ಯಾಕಬೇ? ನನ್ನ ಅಂಗಡ್ಯಾಗ ಕುಂದ್ರು, ದಿನಾ ಕಾಣತದ," ಅಂದಿದ್ದೆ.

"ಅದು ತುಕ್ಕು ಯಪ್ಪಾ. ಇದು ಬ್ಯಾರೆ. ದೇವದುರ್ಗದ ಸಂತ್ಯಾಗ ಹೋರಿ ಬೆದರಿ ನುಗ್ಗಿತು ಅನ್ಕೋ. ಮಂದಿ ಒಬ್ಬರ ಮ್ಯಾಲೊಬ್ಬರು ಬೀಳ್ತಾರ. ಆಮ್ಯಾಲ ಬಾಳ ಮಂದಿ ತಮ್ಮ ಜಾಗಕ್ಕ ಬರ್ತಾರ. ಕೆಲವು ಜಾಗ ಖಾಲಿನೇ ಉಳೀತಾವ, ಕೆಲವರು ಇಬ್ಬರ ನಡುವ ಸಿಕ್ಕೊಂಡು ನಿಲ್ತಾರ. ಲೋಹದಾಗ ಪರಮಾಣುನೂ ಹಂಗ. ಅಂಥ ಕೆಟ್ಟ ಜಾಗ ಎಷ್ಟು ಅನ್ನೋದ ನನ್ನ ಲೆಕ್ಕ."

ನನಗೆ ಇಷ್ಟು ಚೆನ್ನಾಗಿ ಬಿಡಿಸಿ ಹೇಳಿದವಳು ತನ್ನ ಸೋದರತ್ತೆಗೆ, ಅಂದರೆ ನನ್ನ ಅಕ್ಕನಿಗೆ, ಒಂದು ಮಾತು ಹೇಳಲಿಲ್ಲ.

ದಸರೆ ಮುಗಿದ ಕೂಡಲೇ ಮಗಳ ಸಂಶೋಧನೆಯ ಪರಿಶೀಲನೆ ಇತ್ತು. ಲೆಕ್ಕದ ಫಲ ತೋರಿಸಿದರೆ ಫೆಲೋಶಿಪ್ ಇನ್ನೊಂದು ವರ್ಷ, ಇಲ್ಲವಾದರೆ ಬಂದ್. ಮಹಾನವಮಿಯ ಬೆಳಗ್ಗೆ ದೇವದುರ್ಗದ ನನ್ನ ಅಕ್ಕ, ವರ್ಷದ ರೂಢಿಯಂತೆ, ಅಂಗಡಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಬಂದಳು. ಅಂದು ನಮ್ಮಲ್ಲಿ ಯಾವ ಯಂತ್ರವೂ ತಿರುಗಬಾರದು. ನಾನು ಕುಂಬಳಕಾಯಿ ಹಿಡಿದು ಬರುವಷ್ಟರಲ್ಲಿ ಕಂಪ್ಯೂಟರನ್ನು ಅಕ್ಕ ಆರಿಸಿಬಿಟ್ಟಿದ್ದಳು, ಪರದೆ ಕಪ್ಪಗಾಗಿತ್ತು. ಪೆಟ್ಟಿಗೆಯ ಮೇಲೆ ವಿಭೂತಿ, ಚೆಂಡುಹೂ.

"ಅತ್ತೀ, ವಾರದಿಂದ ನಡದಿತ್ತು! ನಾಳಿ ಮುಗೀತಿತ್ತು!" ಮಗಳು ಬಾಗಿಲಲ್ಲೇ ಕೂಗಿದಳು.

"ವಾರಗಟ್ಲೆ ದುಡದದ್ದಕ್ಕ ಒಂದಿನ ಉಸಿರು ಬ್ಯಾಡೇನು? ಕಾರಹುಣ್ಣಿಮಿಗಿ ಎತ್ತಿಗಿ ನೊಗ ಹಾಕ್ತಾರೇನಬೇ?" ಅಂದಳು ಅಕ್ಕ.

"ನಡುನಡುವ ಸೇವ್ ಮಾಡಿ ಉಳಿಸಿಲ್ಲೇನು?" ಮಗಳನ್ನು ಕೇಳಿದೆ.

"ಉಳಿಸಿದ್ರ ನಿಧಾನ ಆಕ್ಕದ ಅಂತ ಬಿಟ್ಟಿದ್ದೆ, ಯಪ್ಪಾ."

ಯಾರಿಗೆ ಬೈಯಲಿ? ಒಬ್ಬಳಿಗೆ ಪರಮಾಣು ಗೊತ್ತು, ಅತ್ತೆ ಗೊತ್ತಿಲ್ಲ. ಇನ್ನೊಬ್ಬಳಿಗೆ ಸ್ವಿಚ್ ಗೊತ್ತು, ಅದರಾಚೆ ಏನೂ ಬೇಕಿಲ್ಲ. ಮಗಳು ಆಗಲೇ ಶುರು ಮಾಡಲು ಹೊರಟಳು. ಅಕ್ಕ ಮರುದಿನದ ಆರತಿಯ ತನಕ ಕೂಡದೆಂದು ಸ್ವಿಚ್ಚಿಗೆ ಅಡ್ಡ ನಿಂತಳು. ಪಂಪ್ ಮಾರುವಾಗಲೂ ನಾನು ಅಷ್ಟು ಚೌಕಾಸಿ ಮಾಡಿಲ್ಲ. ಕೊನೆಗೆ ಅಕ್ಕನ ಗಡುವನ್ನು ಅದೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಿಸಿದೆ.

ಉಳಿದ ದಿನಗಳಲ್ಲಿ ಮುಗಿಯಬೇಕೆಂದು ಮಗಳು ಕಂಪ್ಯೂಟರಿನೊಳಗಿನ ಲೋಹದ ತುಣುಕನ್ನೇ ಸಣ್ಣದು ಮಾಡಿ ಲೆಕ್ಕಕ್ಕೆ ಹಚ್ಚಿದಳು. ಪರಿಶೀಲಿಸಿದವರು ತುಣುಕು ಸಾಲದೆಂದು ವರ್ಷದ ಬದಲು ಆರೇ ತಿಂಗಳ ಫೆಲೋಶಿಪ್ ಕೊಟ್ಟರು. "ಅವರೂ ನಿನ್ನಂಗ ಚೌಕಾಸಿ ಮಾಡಿದ್ರು ಯಪ್ಪಾ," ಅಂದಳು. ನನಗೆ ನಗು ಬರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಲೆಕ್ಕ ನಡೆಯುತ್ತಿದ್ದರೆ ಕೇಳಿ. ನಿಧಾನವಾದರೆ ಆಗಲಿ, ದಿನಕ್ಕೊಮ್ಮೆಯಾದರೂ ಉಳಿಸಿ. ಹಬ್ಬಕ್ಕೆ ಮೊದಲೇ ಪೂಜೆ ಮಾಡುವವರನ್ನು ಕೂರಿಸಿಕೊಂಡು, ಏನು ನಡೆದಿದೆ, ನಿಂತರೆ ಏನು ಹೋಗುತ್ತದೆ ಎಂದು ಬಾಯಿಬಿಟ್ಟು ಹೇಳಿ. ಅಷ್ಟಾದರೂ ಒಪ್ಪದಿದ್ದರೆ ಕೀಬೋರ್ಡ್ ಬಿಚ್ಚಿ ಕೈಗೆ ಕೊಡಿ. ಕುಂಕುಮ ಅದಕ್ಕೆ ಹಚ್ಚಲಿ, ಲೆಕ್ಕ ತನ್ನಷ್ಟಕ್ಕೆ ನಡೆಯುತ್ತದೆ.