ಶಮೀಮಾಳ ಹೆಸರಿನಲ್ಲಿ ಬಂದ ಮೆಸೇಜು

ಕೊಲ್ಲಿ ದೇಶದ ಫಿಂಟಾಸಿನಲ್ಲಿರುವ ಬ್ಯಾರಿ ಮನೆಗಳಲ್ಲಿ ಮದುವೆ ನಿಶ್ಚಯವಾದರೆ, ಹಾಲ್ ಹುಡುಕುವ ಮೊದಲೇ ಯಾರಾದರೂ ಆಯಿಶತ್ ಶಮೀಮಾಳಿಗೆ ಮೆಸೇಜು ಹಾಕುತ್ತಿದ್ದರು. ಉಳ್ಳಾಲದವಳು. ಗಂಡ ಅಶ್ಕರ್ ಸಬ್ಹಾನ್ ಎಂಬಲ್ಲಿನ ಗೋದಾಮಿನ ಕೆಲಸಕ್ಕೆ ಹೋದ ಮೇಲೆ ಹೊತ್ತು ಹೋಗದೆ ಹೊಲಿಗೆ ಹಿಡಿದವಳಿಗೆ ಈಗ ಉಸಿರಾಡಲೂ ಬಿಡುವಿರಲಿಲ್ಲ. ಫೋನಿನಲ್ಲಿ ಒಂದು ಪೇಜ್ ಮಾಡಿಕೊಂಡಿದ್ದಳು. ದೂರದ ಹೆಂಗಸರು ಅದರಲ್ಲೇ ಅಳತೆ ಕಳಿಸುತ್ತಿದ್ದರು. ಭುಜ ಹೇಗಿದೆ, ಸೊಂಟ ಎಲ್ಲಿ ಕೂರುತ್ತದೆ ಎಂದು ತೋರಿಸಲು ಫೋಟೋ ಕೂಡ. ತಲೆಗೆ ಬಟ್ಟೆಯಿಲ್ಲದೆ, ಮನೆಯ ಉಡುಪಿನಲ್ಲಿ. ಶಮೀಮಾ ಅಲ್ಲವೇ ನೋಡುವುದು, ಬೇರೆ ಯಾರು ನೋಡುತ್ತಾರೆ ಎಂಬ ಧೈರ್ಯ.

ಒಂದು ಶುಕ್ರವಾರ ಬೆಳಿಗ್ಗೆ ಫಾತಿಮತ್ ಶಹನಾ ಫೋನ್ ಮಾಡಿದಳು. ಮುಂದಿನ ತಿಂಗಳು ಮದುಮಗಳಾಗುವವಳು.

"ಆಂಟಿ, ಇನ್ನೂ ಎಷ್ಟು ಫೋಟೋ ಬೇಕು ನಿಮಗೆ? ನಿನ್ನೆಯಿಂದ ಕಳಿಸ್ತಾನೇ ಇದ್ದೇನೆ. ಈಗ ದುಪಟ್ಟಾ ಇಲ್ಲದೆ ಬೇಕು ಅಂದ್ರೆ ನನಗೆ ಒಂಥರಾ ಆಗ್ತದೆ."

"ಯಾವ ಫೋಟೋ? ನಾನು ಎಂತದೂ ಕೇಳ್ಲಿಲ್ಲಲ್ಲ!"

"ನಿಮ್ಮ ಪೇಜಿನಿಂದಲೇ ಬಂದದ್ದಲ್ಲಾ ಆಂಟಿ!"

ಶಮೀಮಾ ಪೇಜ್ ತೆರೆಯಲು ಹೋದರೆ ಪಾಸ್‌ವರ್ಡ್ ತಪ್ಪು ಎಂದಿತು. ಇಮೇಲ್ ತೆರೆಯಲು ಹೋದರೆ ಅದೂ ತಪ್ಪು. ನಿಧಿಗೆ ಫೋನ್ ಮಾಡಿದಳು. ಸಾಲ್ಮಿಯಾದಲ್ಲಿರುವ, ಐಟಿ ಕೆಲಸದ ನಿಧಿ ಅವಳ ಹಳೆಯ ಗಿರಾಕಿ. ಗಂಟೆಯೊಳಗೆ ಲ್ಯಾಪ್‌ಟಾಪ್ ಹಿಡಿದು ಬಂದಳು.

"ನೀವು ಲೇಸು, ಮಣಿ ಎಲ್ಲಾ ತರಿಸ್ತಿದ್ರಲ್ಲಾ ಆ ಸೈಟು, ಅದರ ಮಾಹಿತಿ ಹೋದ ವರ್ಷವೇ ಸೋರಿದೆ. ನಿಮ್ಮ ಇಮೇಲೂ ಅದರಲ್ಲಿದೆ. ಅಲ್ಲಿ ಹಾಕಿದ್ದ ಪಾಸ್‌ವರ್ಡೇ ಇಲ್ಲೂ ಹಾಕಿದ್ರಾ?"

"ಎಲ್ಲದಕ್ಕೂ ಒಂದೇ. ನನಗೆ ನೆನಪಿರುವುದಿಲ್ಲ ನಿಧಿ."

ನಿಧಿ ಬೈಯಲಿಲ್ಲ. ಇಮೇಲಿಗೆ ಕೊಟ್ಟ ಮೊಬೈಲ್ ನಂಬರಿಗೆ ಕೋಡ್ ಬರುತ್ತದೆ, ಅದು ಸಿಕ್ಕರೆ ಎಲ್ಲವನ್ನೂ ವಾಪಸು ಪಡೆಯಬಹುದು ಎಂದಳು. ಶಮೀಮಾ ಕಣ್ಣು ಮುಚ್ಚಿಕೊಂಡಳು. ಆ ನಂಬರನ್ನು ಅವಳು ಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ಅದು ಯಾರ ಬಳಿಯಿದೆಯೋ!

ಆ ನಂಬರಿಗೇ ಕರೆ ಮಾಡಿದಳು. ಒಬ್ಬ ಗಂಡಸು ಎತ್ತಿಕೊಂಡ. ಹಿಂದಿ ಮಾತಾಡುವ ಡ್ರೈವರ್. ಅವಳು ತನಗೆ ಬರುವ ಅರೆಬರೆ ಹಿಂದಿಯಲ್ಲಿ ಬೇಡಿಕೊಂಡಳು: "ಭಾಯಿ, ಇದು ನನ್ನ ಹಳೇ ನಂಬರು. ನಿಮಗೀಗ ಒಂದು ಕೋಡ್ ಬರ್ತದೆ. ಅದನ್ನು ಓದಿ ಹೇಳಿ. ಹೆಣ್ಣುಮಕ್ಕಳ ಮಾನದ ವಿಷಯ."

"ಕೋಡ್ ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವರು ದಿನಾ ಮೆಸೇಜು ಹಾಕ್ತಾರೆ. ನಿಮ್ಮಂಥವರು ಮೊನ್ನೆ ನನ್ನ ರೂಮಿನವನ ಖಾತೆ ಪೂರ್ತಿ ಗುಡಿಸಿ ಹಾಕಿದ್ರು. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಫೋನ್ ಇಟ್ಟುಬಿಟ್ಟ. ಮತ್ತೆ ಮಾಡಿದರೆ ಕರೆ ಹೋಗಲೇ ಇಲ್ಲ. ನಿಧಿಯ ಫೋನಿನಿಂದ ಮಾಡಿದಾಗ ಕೆಟ್ಟ ಮಾತಿನಲ್ಲಿ ಬೈದ. ಅವನದೇನೂ ತಪ್ಪಿರಲಿಲ್ಲ. ಅದೇ ಶಮೀಮಾಳಿಗೆ ತಡೆಯಲಾಗದ್ದು.

ಇನ್ನುಳಿದದ್ದು ಒಂದೇ ದಾರಿ. ಅವಳು ಪ್ರತಿಯೊಬ್ಬ ಗಿರಾಕಿಗೂ ಫೋನ್ ಮಾಡತೊಡಗಿದಳು. "ನನ್ನ ಹೆಸರಿನಲ್ಲಿ ಬರೆಯುವುದು ನಾನಲ್ಲ. ಏನೂ ಕಳಿಸಬೇಡಿ. ಹಿಂದೆ ಕಳಿಸಿದ್ದು ಆ ಕಳ್ಳನ ಕೈಯಲ್ಲುಂಟು. ನನ್ನಿಂದಲೇ ಆಯ್ತು." ಕೆಲವರು ಅತ್ತರು. ಒಬ್ಬಳು ತನ್ನ ಗಂಡನಿಗೆ ಗೊತ್ತಾಗದಿರಲಿ ಎಂದು ಕಾಲಿಗೆ ಬೀಳುವವಳಂತೆ ಬೇಡಿದಳು. ಆ ನಡುವೆಯೇ ಕಳ್ಳ ಬರೆಯುತ್ತಲೇ ಇದ್ದ, ಹಳೆಯ ಮೆಸೇಜುಗಳನ್ನು ನೋಡಿ ಅವಳದೇ ಧಾಟಿಯಲ್ಲಿ, ಅವಳು ಎಲ್ಲರನ್ನೂ ಕರೆಯುವಂತೆ 'ಚಿನ್ನಾ' ಎಂದು ಕರೆಯುತ್ತಾ.

ಸಂಜೆ ಶಹನಾಳ ತಾಯಿ ಐಸಮ್ಮ ಬಂದರು. ಕುಳಿತುಕೊಳ್ಳಲಿಲ್ಲ. ಅರ್ಧ ಹೊಲಿದ ಮದುವೆಯ ಉಡುಪನ್ನು ಮಡಚಿ ಎದೆಗೊತ್ತಿಕೊಂಡರು.

"ಹುಡುಗನ ಕಡೆಯವರಿಗೆ ಆ ಫೋಟೋ ಹೋದ್ರೆ ನಾನು ಎಂತ ಹೇಳ್ಲಿ ಶಮೀಮಾ? ಪೊಲೀಸಿಗೆ ಕಂಪ್ಲೇಂಟ್ ಕೊಟ್ಟಿದ್ದೀಯಾ?"

ಶಮೀಮಾ ಅಶ್ಕರನ ಮುಖ ನೋಡಿದಳು. ಅವನು ನೆಲ ನೋಡಿದ.

ಐಸಮ್ಮ ಹೋದ ಮೇಲೆ ಅವನು ಬಾಯಿಬಿಟ್ಟ. "ನೀನು ಇಲ್ಲಿ ನನ್ನ ಹೆಂಡತಿ ಅಂತ ವೀಸಾದಲ್ಲಿ ಇರುವವಳು. ಲೈಸೆನ್ಸ್ ಇಲ್ಲದೆ ಮನೇಲಿ ಹೊಲಿಯುದು ಅಂತ ಗೊತ್ತಾದ್ರೆ ಇಲ್ಲಿ ಇರಲು ಕೊಟ್ಟ ಇಕಾಮಾವೇ ಹೋಗ್ತದೆ. ನನ್ನದೂ ಹೋಗ್ತದೆ. ಖಲಾಸ್. ಎರಡು ದಿನ ಸುಮ್ಮನಿರು, ಅವನೇ ಬಿಟ್ಟು ಹೋಗ್ತಾನೆ."

"ಆ ಹುಡುಗಿ ನನ್ನ ಮಾತು ಅಂತ ನಂಬಿ ದುಪಟ್ಟಾ ತೆಗೆದಳು ಅಶ್ಕರ್. ನಾನು ಸುಮ್ಮನಿದ್ರೆ ಅವನಿಗೂ ನನಗೂ ಎಂತ ವ್ಯತ್ಯಾಸ? ನೀವು ಬರದಿದ್ರೆ ಟ್ಯಾಕ್ಸಿಯಲ್ಲಿ ಹೋಗ್ತೇನೆ."

ಅವನು ಜೊತೆಗೆ ಹೋದ. ಸೈಬರ್ ಅಪರಾಧದ ಕಚೇರಿಯಲ್ಲಿ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ: ಈ ಹೆಂಗಸರು ನಿನಗೇಕೆ ಫೋಟೋ ಕಳಿಸಿದರು? ನೆಂಟರೆಂದು ಹೇಳಬಹುದಿತ್ತು. ಅಶ್ಕರನ ಕೈ ಅವಳ ಮೊಣಕೈ ಮೇಲೆ ಬಿಗಿಯಾಯಿತು.

"ನಾನು ಬಟ್ಟೆ ಹೊಲಿಯುತ್ತೇನೆ. ಮನೆಯಲ್ಲಿ," ಎಂದಳು.

ಅಧಿಕಾರಿ ತಲೆಯೆತ್ತಿ ಅವಳನ್ನು ನೋಡಿದ. ಏನನ್ನೋ ಬರೆದುಕೊಂಡ. ಅದೇನೆಂದು ಇಬ್ಬರಿಗೂ ಇವತ್ತಿನವರೆಗೆ ಗೊತ್ತಿಲ್ಲ.

ದೂರಿನಿಂದಾಗಿ ಮರುವಾರ ಪೇಜ್ ಮಾಯವಾಯಿತು. ಅದರೊಂದಿಗೆ ಅವಳು ಹೊಲಿದ ಒಂದೊಂದು ಉಡುಪಿನ ಚಿತ್ರವೂ. ಕಳ್ಳ ಬೇರೆ ಯಾವುದೋ ದೇಶದವನಂತೆ, ಸಿಗುವುದು ಕಷ್ಟವಂತೆ. ನಿಧಿ ಹೊಸ ಇಮೇಲ್ ಮಾಡಿಕೊಟ್ಟು, ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಹಾಕಿ, ಪ್ರತಿ ಸಲ ತೆರೆಯುವಾಗಲೂ ಈಗಿನ ಫೋನಿಗೇ ಕೋಡ್ ಬರುವಂತೆ ಮಾಡಿದಳು. ಶಮೀಮಾ ಎಲ್ಲವನ್ನೂ ಕಲಿತಳು. ಆದರೆ ಹೋದ ಫೋಟೋಗಳನ್ನು ವಾಪಸು ತರುವ ವಿದ್ಯೆ ನಿಧಿಗೂ ಗೊತ್ತಿರಲಿಲ್ಲ.

ಶಹನಾಳ ಮದುವೆ ನಡೆಯಿತು, ಬೇರೆಯವರು ಹೊಲಿದ ಉಡುಪಿನಲ್ಲಿ. ಶಮೀಮಾಳಿಗೆ ಆಮಂತ್ರಣ ಬರಲಿಲ್ಲ. ಮದುವೆಯಾದ ಮೇಲೆ ಒಂದು ಮಧ್ಯಾಹ್ನ ಹುಡುಗಿಯೇ ಫೋನ್ ಮಾಡಿದಳು.

"ಆಂಟಿ, ಇವರ ಫೋನು ಟಿಂಗ್ ಅಂದ್ರೆ ಸಾಕು, ಆ ಫೋಟೋನೇ ಬಂತು ಅನ್ನಿಸ್ತದೆ. ಇದು ಯಾವಾಗ ಮುಗಿಯುದು?"

ಶಮೀಮಾ ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲ ಮಗಳೇ. ನನಗೂ ಹಾಗೇ ಆಗ್ತದೆ," ಎಂದಳು. ಹುಡುಗಿ ಫೋನ್ ಇಡಲಿಲ್ಲ. ಇವಳೂ ಇಡಲಿಲ್ಲ.